ಹಳೆಯ ಪೆಟ್ಟಿಗೆಯ ಋಣ

ಒಟ್ಟು ಕುಟುಂಬ ಪಾಲಾಗುವಾಗ ಜಗಳ ಹುಟ್ಟಿಸುವ ವಸ್ತುಗಳು ಯಾವುವೆಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳಿಯಾರು. ಮೊದಲನೆಯದು ನೀರಿನ ಅನುಕೂಲವಿರುವ ಜಮೀನು. ಎರಡನೆಯದು ಅಜ್ಜಿಯ ಒಡವೆ. ಮೂರನೆಯದು, ವಿಚಿತ್ರವೆಂದು ತೋರಿದರೂ, ತಾಮ್ರದ ಹಂಡೆ, ಹಿತ್ತಾಳೆಯ ಕೊಳದಪ್ಪಲೆಗಳು. ಹಂಡೆಯ ಕಂಠದ ಮೇಲೆ ತಾತನ ಹೆಸರನ್ನು ಕೊರೆಸಿದ್ದರಂತೂ ಅದಕ್ಕಾಗಿ ಅಣ್ಣತಮ್ಮಂದಿರು ಹತ್ತು ವರ್ಷ ಮಾತು ಬಿಟ್ಟದ್ದುಂಟು. ಆದರೆ ಅಟ್ಟದ ಮೇಲಿನ ಕಾಗದದ ಪೆಟ್ಟಿಗೆಗಾಗಿ ಜಗಳವಾಡಿದವರನ್ನು ನಾನು ಕಂಡಿಲ್ಲ. ಕ್ರಯಪತ್ರ, ಪಾಲುಪಟ್ಟಿ ಮೊದಲಾದ ಉಪಯೋಗದ ಕಾಗದಗಳನ್ನು ಹಿರಿಯನಾದವನು ಆರಿಸಿಕೊಂಡ ಮೇಲೆ, ಉಳಿದದ್ದು ಯಾರ ಪಾಲಿಗೂ ಸೇರುವುದಿಲ್ಲ. ಹಳೆಯ ಮನೆಯಲ್ಲಿ ಕೊನೆಯವರೆಗೆ ಉಳಿದವನ ತಲೆಗೆ ಅದು ತಾನಾಗಿ ಬರುತ್ತದೆ. ಮಾಗಡಿಯ ನಮ್ಮ ಮನೆಯ ಪೆಟ್ಟಿಗೆ ನನಗೆ ಬಂದದ್ದು ಹೀಗೆಯೇ.

ಪೆಟ್ಟಿಗೆಯೇನೂ ದೊಡ್ಡದಲ್ಲ. ಮರದ್ದು; ಒಂದು ಕಡೆಯ ಹಿಡಿ ಮುರಿದಿದೆ. ತೆರೆದರೆ ಬಜೆಯ ಬೇರಿನ ವಾಸನೆ ಈಗಲೂ ಬರುತ್ತದೆ. ಒಳಗೆ ಜಾತಕಗಳ ಸುರುಳಿಗಳು, ಮಡಿಸಿದ ಒಂದು ಕಡತ, ಮೈಸೂರು ಸರ್ಕಾರದ ಛಾಪಾ ಕಾಗದಗಳ ಒಂದು ಕಟ್ಟು, ತಂತಿಗೆ ಪೋಣಿಸಿದ ಅಂಚೆ ಕಾರ್ಡುಗಳು, ಲಗ್ನಪತ್ರಿಕೆಗಳು, ಹೆಂಗಸರ ಹಾಡಿನ ಪುಸ್ತಕವೊಂದು, ಹದಿನೇಳು ಭಾವಚಿತ್ರಗಳು. ಕಾರ್ಡುಗಳ ಮೇಲಿನ ವಿಳಾಸವನ್ನು ನೋಡಿದರೆ ಅದೇ ಒಂದು ಚರಿತ್ರೆ. 'ಬೆಂಗಳೂರು ಡಿಸ್ಟ್ರಿಕ್ಟ್, ಮಾಗಡಿ ತಾಲ್ಲೂಕು' ಎಂದು ಅವುಗಳ ಮೇಲಿದೆ. ಆಮೇಲೆ ಮಾಗಡಿ 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿತು. 2007ರಲ್ಲಿ ರಾಮನಗರ ಜಿಲ್ಲೆಗೆ ಸೇರಿತು. 2025ರಲ್ಲಿ ಆ ಜಿಲ್ಲೆಯೇ ಬೆಂಗಳೂರು ದಕ್ಷಿಣವಾಯಿತು. ನೆರೆಯ ರಾಮನಗರವನ್ನು ಒಂದು ಕಾರ್ಡು 'ಕ್ಲೋಸ್‌ಪೇಟೆ' ಎಂದೇ ಕರೆಯುತ್ತದೆ. ಆ ಹೆಸರು 1949ರಲ್ಲಿ ಹೋಯಿತು. ಊರು ಕುಳಿತಲ್ಲಿಯೇ ಕುಳಿತಿದ್ದರೂ ಅದರ ವಿಳಾಸ ಊರೂರು ಅಲೆದಿದೆ!

ಇಂಥ ಪೆಟ್ಟಿಗೆಗಳನ್ನು ಮುಂದಿನ ಪೀಳಿಗೆಗಾಗಿ ಜೋಪಾನ ಮಾಡಬೇಕೆಂದು ಎಲ್ಲರೂ ಹೇಳುತ್ತಾರೆ. ಹೇಳುವುದು ಸುಲಭ. ಆ ಮುಂದಿನ ಪೀಳಿಗೆಯಾದರೋ ಬೆಂಗಳೂರಿನಲ್ಲಿ ಎರಡು ಕೋಣೆಗಳ ಮನೆಯಲ್ಲಿದೆ. ಇಲ್ಲವೇ ಕಡಲಾಚೆ ಇದೆ. ಅವರ ಮನೆಯಲ್ಲಿ ಅಟ್ಟವಿಲ್ಲ. ಅವರು ಬೇಕೆಂದು ಕೇಳಿದವರೂ ಅಲ್ಲ. ಹಾಗಾದರೆ ನಾವು ಕಾಪಾಡುತ್ತಿರುವುದು ಅವರಿಗಾಗಿಯೋ, ನಮಗಾಗಿಯೋ? 'ನಮ್ಮ ವಂಶ ಎಂಥದು ಗೊತ್ತೇ?' ಎಂದು ಬಂದವರಿಗೆ ತೋರಿಸುವ ಆಸೆ ಈ ಜೋಪಾನದ ಹಿಂದೆ ಎಷ್ಟಿದೆ? ಏನನ್ನು ಉಳಿಸಬೇಕು, ಯಾರಿಗಾಗಿ ಉಳಿಸಬೇಕು, ಉಳಿಸುವವನಿಗೆ ಅದರ ಮೇಲೆ ಹಕ್ಕು ಎಷ್ಟು? ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳದೆ ಬಜೆಯ ಬೇರು ಇಟ್ಟು ಮುಚ್ಚಿಬಿಟ್ಟರೆ ಹುಳುವಿನಿಂದೇನೋ ಕಾಗದ ಉಳಿದೀತು. ಅರ್ಥ ಉಳಿಯುವುದೆಂದು ಹೇಳುವ ಹಾಗಿಲ್ಲ.

ನಮ್ಮ ಹಿಂದಿನವರು ಎಲ್ಲವನ್ನೂ ಉಳಿಸುತ್ತಿದ್ದರೆಂದು ನಾವು ಭಾವಿಸುವುದುಂಟು. ಪೆಟ್ಟಿಗೆಯಲ್ಲಿರುವ ಕಡತ ಹಾಗೆ ಹೇಳುವುದಿಲ್ಲ. ಕಡತವೆಂದರೆ ಇಂದಿನ ಕಚೇರಿಯ ಫೈಲಲ್ಲ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಒಣಗಿಸಿ, ಕಪ್ಪು ಹಲಗೆಯ ಹಾಗೆ ಗಟ್ಟಿ ಮಾಡಿ, ಹಿಂದಕ್ಕೂ ಮುಂದಕ್ಕೂ ಮಡಿಸಿದ ಪುಸ್ತಕ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಚರಿತ್ರೆಕಾರರಿಗೆ ಚೆನ್ನಾಗಿ ಪರಿಚಿತವಾದುವು. ಕಡತದ ಗುಣವೇನೆಂದರೆ, ಬರೆದದ್ದು ಎಷ್ಟೋ ಕಾಲ ನಿಲ್ಲುತ್ತದೆ. ಬೇಡವೆಂದರೆ ಒರೆಸಿ ಮತ್ತೆ ಬರೆಯಬಹುದು. ಬೇಕಾದ ಲೆಕ್ಕ ಉಳಿಯಿತು, ಬೇಡವಾದದ್ದನ್ನು ಒರೆಸಿದರು. ತಾಳೆಗರಿಯ ಕಥೆಯೂ ಹೆಚ್ಚುಕಡಮೆ ಇದೇ. ನಮ್ಮ ಹವೆಯಲ್ಲಿ ಗರಿ ಕೆಲವು ನೂರು ವರ್ಷ ಬಾಳಿದರೆ ಹೆಚ್ಚು. ಅಷ್ಟರಲ್ಲಿ ಯಾರಾದರೂ ಕುಳಿತು ಹೊಸ ಗರಿಯ ಮೇಲೆ ಪ್ರತಿ ಮಾಡಬೇಕು. ಶಿಥಿಲವಾದ ಗರಿಗಳನ್ನು ನದಿಗೆ ಬಿಡುವ ರೂಢಿಯೂ ಇತ್ತು. ಇಂದು ನಮಗೆ ಒಂದು ಹಳಗನ್ನಡ ಕಾವ್ಯ ಸಿಕ್ಕಿದ್ದರೆ, ತಲೆತಲಾಂತರದಿಂದ ಯಾರೋ ಒಬ್ಬೊಬ್ಬರು 'ಇದು ಮುಂದೆ ಹೋಗಲಿ' ಎಂದು ಬೆನ್ನು ಬಗ್ಗಿಸಿ ಬರೆದುದರಿಂದ. ಸುಮ್ಮನೆ ಇಟ್ಟುದರಿಂದ ಉಳಿದದ್ದು ಕಡಮೆ. ಮತ್ತೆ ಬರೆದುದರಿಂದ ಉಳಿದದ್ದೇ ಹೆಚ್ಚು. ಮತ್ತೆ ಬರೆಯಬೇಕಾದರೆ ಓದಲೇಬೇಕಷ್ಟೆ.

ಓದದೆ ಕಾಪಾಡಿದ್ದಕ್ಕೂ ನಮ್ಮ ನಾಡಿನಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಜೈನರ ಪರಮ ಪೂಜ್ಯ ಆಗಮವಾದ ಷಟ್‌ಖಂಡಾಗಮ, ಅದರ ಮೇಲಿನ ಧವಲಾ ಟೀಕೆ, ಇವುಗಳ ತಾಳೆಗರಿಯ ಪ್ರತಿಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದುವು. ಭಾಷೆ ಪ್ರಾಕೃತ, ಸಂಸ್ಕೃತ, ಲಿಪಿ ಹಳಗನ್ನಡ. ದೂರ ದೂರದಿಂದ ಯಾತ್ರಿಕರು ಬಂದು ಅವುಗಳ ದರ್ಶನ ಮಾಡಿ, ಕೈ ಮುಗಿದು, ಹಿಂದಿರುಗುತ್ತಿದ್ದರು. ಗರಿಗಳು ಉಳಿದುವು, ಅವುಗಳಲ್ಲಿ ಏನಿದೆಯೆಂಬುದು ಮಾತ್ರ ಶತಮಾನಗಳ ಕಾಲ ಲೋಕಕ್ಕೆ ಮುಚ್ಚಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಪ್ರಾರಂಭವಾಗಿ, ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಹದಿನಾರು ಸಂಪುಟಗಳು ಮುಗಿಯುವಾಗ 1958 ಆಗಿತ್ತು. ಮೂಡಬಿದಿರೆಯವರ ಭಕ್ತಿಯನ್ನು ಹಗುರವಾಗಿ ಕಾಣುವ ಹಾಗಿಲ್ಲ; ಆ ಭಕ್ತಿಯಿಲ್ಲದಿದ್ದರೆ ಓದುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಆದರೆ ಭಕ್ತಿ ಕಾವಲು ಕಾದೀತು. ಮಾತನಾಡಿಸಬೇಕಾದರೆ ಬೇರೆ ಕೈ ಬೇಕು.

ಇನ್ನೊಂದು ನಿದರ್ಶನ ಮೈಸೂರಿನದು. ತಂಜಾವೂರು ಸೀಮೆಯ ಪಂಡಿತರೊಬ್ಬರು ತಮ್ಮ ಬಳಿಯಿದ್ದ ಒಂದು ಗರಿಯ ಕಟ್ಟನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಕೊಟ್ಟರು. ಆ ಗ್ರಂಥಾಲಯ 1891ರಲ್ಲಿ ಸ್ಥಾಪಿತವಾದದ್ದು. ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಬಿಚ್ಚಿ ಓದಿದಾಗ ಅದು ಹೆಸರು ಮಾತ್ರ ಕೇಳಿ ಗೊತ್ತಿದ್ದ ಕೌಟಿಲ್ಯನ ಅರ್ಥಶಾಸ್ತ್ರವೆಂದು ತಿಳಿಯಿತು, 1909ರಲ್ಲಿ ಅಚ್ಚಾಯಿತು. ಶಾಸ್ತ್ರಿಗಳ ಹೆಸರು ಜಗತ್ತಿಗೆಲ್ಲ ಗೊತ್ತು, ಗೊತ್ತಾಗಬೇಕಾದದ್ದೇ. ನನಗೆ ಆ ಪಂಡಿತರ ನೆನಪಾಗುತ್ತದೆ. 'ಇದು ನಮ್ಮ ಮನೆಯದು' ಎಂದು ಅವರು ಇಟ್ಟುಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಕೊಟ್ಟುಬಿಡುವುದೂ ಉಳಿಸುವ ಒಂದು ರೀತಿ ಎಂಬುದನ್ನು ಅವರು ಬಲ್ಲವರಾಗಿದ್ದರು.

ಅದೇ 1905ರಲ್ಲಿ ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ'ದ ಒಂಬತ್ತನೆಯ ಸಂಪುಟ, ಬೆಂಗಳೂರು ಜಿಲ್ಲೆಯ ಶಾಸನಗಳದ್ದು, ಪ್ರಕಟವಾಯಿತು. ಮಾಗಡಿ ತಾಲ್ಲೂಕಿನ ಕಲ್ಲುಗಳೂ ಅದರಲ್ಲಿ ಸಾಲಾಗಿ ನಿಂತಿವೆ. ಊರ ಹೊರಗೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಬಿದ್ದಿದ್ದ ಬರಹ ಅಂದಿನಿಂದ ಪುಸ್ತಕಕ್ಕೆ ಬಂತು. ಹಾಗೆಂದು ಕಲ್ಲೆಲ್ಲ ಓದಿ ಮುಗಿಯಿತೆಂದಲ್ಲ. ನಮ್ಮ ತಾಲ್ಲೂಕಿನ ಕೆಂಪಾಪುರದಲ್ಲಿ ಒಂದು ಹಳೆಯ ಸಮಾಧಿ ಮಂಟಪವಿದೆ. ಜನ ಅದರ ಪಕ್ಕದಲ್ಲಿಯೇ ಓಡಾಡಿಕೊಂಡಿದ್ದರು. 2015ರಲ್ಲಿ ಅದರ ಮೇಲಿನ ಅಕ್ಷರಗಳನ್ನು ಓದಿ, ಇದು ಹಿರಿಯ ಕೆಂಪೇಗೌಡರ ಸಮಾಧಿ ಎಂದು ಹೇಳಿದ ಮೇಲೆ ಊರಿಗೆ ಕಾರುಗಳು ಬಂದುವು, ಪತ್ರಿಕೆಯವರು ಬಂದರು. ಬೆಂಗಳೂರನ್ನು ಕಟ್ಟಿಸಿದ ಮನೆತನದವರು, 1638ರಲ್ಲಿ ಬೆಂಗಳೂರು ಬಿಜಾಪುರದವರ ವಶವಾದ ಮೇಲೆ ಮಾಗಡಿಯಿಂದ ಆಳಿದವರು. 1728ರಲ್ಲಿ ಮೈಸೂರಿನವರು ಮಾಗಡಿಯನ್ನೂ ಸಾವನದುರ್ಗವನ್ನೂ ಹಿಡಿಯುವವರೆಗೆ ಈ ಸೀಮೆಗೆ ಒಡೆಯರಾಗಿದ್ದವರು. ಅಂಥವರ ನೆನಪೇ ಓದುವವರಿಲ್ಲದೆ ಇಷ್ಟು ಕಾಲ ಕಾಯಬೇಕಾಯಿತು.

ಆದರೂ ಪ್ರಭುಗಳ ವಿಷಯ ಬೇರೆ. ಅವರಿಗೆ ಕಲ್ಲಿದೆ, ತಾಮ್ರವಿದೆ, ದೇವಸ್ಥಾನದ ಗೋಡೆಯಿದೆ. ನಮ್ಮಂಥ ಸಾಮಾನ್ಯರಿಗೆ ಇರುವುದು ಕಾಗದ, ಮತ್ತು ಈಚಿನ ನೂರು ವರ್ಷಗಳಲ್ಲಿ ಭಾವಚಿತ್ರ. ಪೆಟ್ಟಿಗೆಯ ಹದಿನೇಳು ಚಿತ್ರಗಳನ್ನು ನಾನು ಮೇಜಿನ ಮೇಲೆ ಹರಡಿ ನೋಡಿದ್ದೇನೆ. ಎಲ್ಲವೂ ಒಂದೇ ಬಗೆ. ನಡುವೆ ಕುರ್ಚಿ, ಕುರ್ಚಿಯ ಮೇಲೆ ರುಮಾಲು ಸುತ್ತಿದ ಯಜಮಾನ, ಪಕ್ಕದ ಪುಟ್ಟ ಮೇಜಿನ ಮೇಲೆ ಕಾಗದದ ಹೂವಿನ ಕುಂಡ. ಹಿಂದೆ ಹೆಂಗಸರ ಸಾಲು, ಉಸಿರು ಬಿಗಿಹಿಡಿದು. ಕೆಳಗೆ ಚಾಪೆಯ ಮೇಲೆ ಮಕ್ಕಳು. ಅವರಲ್ಲಿ ಒಬ್ಬ ಅಲ್ಲಾಡಿದ್ದರಿಂದ ಅವನಿಗೆ ಮುಖವೇ ಇಲ್ಲ. ಕುರ್ಚಿಯ ಮೇಲಿನವರ ಹೆಸರು ನಮಗೆ ಗೊತ್ತು. ಹಿಂದೆ ನಿಂತವರಲ್ಲಿ ಮೂವರನ್ನು ನನ್ನ ಸೋದರತ್ತೆ ಗುರುತಿಸಿದರು. ಅವರು ತೀರಿಕೊಂಡ ಮೇಲೆ ಉಳಿದ ಹೆಂಗಸರನ್ನು ಗುರುತಿಸುವವರು ಈ ಲೋಕದಲ್ಲಿ ಯಾರೂ ಇಲ್ಲ. ಚಿತ್ರ ಚೆನ್ನಾಗಿದೆ, ಮುಖ ಸ್ಪಷ್ಟವಾಗಿದೆ, ಕರೆಯುವುದಕ್ಕೆ ಹೆಸರಿಲ್ಲ.

ಹೆಂಗಸರ ವಿಷಯದಲ್ಲಿ ಪೆಟ್ಟಿಗೆ ಬಹಳ ಜಿಪುಣ. ಛಾಪಾ ಕಾಗದಗಳಲ್ಲಿ ಅವರು 'ಇಂಥವರ ಹೆಂಡತಿ', 'ಇಂಥವರ ಮಗಳು' ಎಂದು ಬರುತ್ತಾರೆ. ಸಾಲು ಮುಗಿಯುವುದರೊಳಗೆ ಮಾಯವಾಗುತ್ತಾರೆ. ಅವರ ಕೈಗೆ ಬಂದ ಆಸ್ತಿಯೆಂದರೆ ಚಿನ್ನ. ಚಿನ್ನದ ಸ್ವಭಾವವೇ ಕರಗುವುದು. ಮುತ್ತಜ್ಜಿಯ ಅಡ್ಡಿಕೆ ಅಜ್ಜಿಗೆ ಕಾಸಿನ ಸರವಾಗುತ್ತದೆ. ಅಜ್ಜಿಯ ಕಾಸಿನ ಸರ ಮೊಮ್ಮಗಳ ಕಾಲಕ್ಕೆ ನಾಲ್ಕು ಬಳೆಗಳಾಗುತ್ತದೆ. ತೂಕ ಉಳಿಯುತ್ತದೆ, ರೂಪ ಹೋಗುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ಒಬ್ಬ ಹೆಂಗಸಿನ ಕೈ ಇರುವುದು ಆ ಹಾಡಿನ ಪುಸ್ತಕವೊಂದರಲ್ಲಿಯೇ. ಆರತಿಯ ಹಾಡುಗಳ ನಡುವೆ ಮಾವಿನ ಮಿಡಿಗೆ ಉಪ್ಪು ಎಷ್ಟು ಸೇರು ಎಂದಿದೆ. ಮಗುವಿಗೆ ಜ್ವರ ಬಂದ ದಿನ ಯಾವುದೆಂದು ಇದೆ. ಬೆಲೆ ಕಟ್ಟಿದರೆ ಇದು ಎರಡು ಕಾಸಿಗೂ ಹೋಗದು. ಆದರೆ ಪೆಟ್ಟಿಗೆಯಲ್ಲಿ ಬೆಂಕಿಯಿಂದ ಮೊದಲು ತೆಗೆಯಬೇಕಾದದ್ದು ಯಾವುದೆಂದರೆ ನಾನು ಅದನ್ನೇ ತೆಗೆಯುತ್ತೇನೆ.

ಭಾವಚಿತ್ರ ಯಾರದು ಎಂಬ ಪ್ರಶ್ನೆಗೆ ಜಪಾನಿನವರು ಒಂದು ಉತ್ತರ ಕೊಟ್ಟಿದ್ದಾರೆ. 2011ರ ಸುನಾಮಿಯಲ್ಲಿ ಊರಿಗೆ ಊರೇ ಕೊಚ್ಚಿಹೋದ ಮೇಲೆ, ಕೆಸರಿನಲ್ಲಿ ಸಿಕ್ಕಿದ ಲಕ್ಷಾಂತರ ಚಿತ್ರಗಳನ್ನು ಸ್ವಯಂಸೇವಕರು ಒಂದೊಂದಾಗಿ ನೀರಿನಲ್ಲಿ ತೊಳೆದು, ಒಣಗಿಸಿ, ಹರಡಿಟ್ಟರು. ಬದುಕಿ ಉಳಿದವರು ಬಂದು ತಮ್ಮವರ ಮುಖಗಳನ್ನು ಹುಡುಕಿ ತೆಗೆದುಕೊಂಡು ಹೋದರು. ಅನ್ನಬಟ್ಟೆಗೆ ಪರದಾಡುವ ಹೊತ್ತಿನಲ್ಲಿ ಇದೆಂಥ ಕೆಲಸ ಎಂದು ಯಾರಾದರೂ ಕೇಳಬಹುದಿತ್ತು. ಯಾರ ಮುಖ ಅದರಲ್ಲಿದೆಯೋ ಅವರಿಗೆ ಅದು ಸೇರಬೇಕೆಂಬುದೇ ಆ ಕೆಲಸದ ಧರ್ಮ. ಈ ಮಾತನ್ನು ಚಿತ್ರಕ್ಕೆ ಒಪ್ಪಿದರೆ ಕಾಗದಕ್ಕೂ ಒಪ್ಪಬೇಕಾಗುತ್ತದೆ. ಅಲ್ಲಿಗೆ ನನ್ನ ಪೆಟ್ಟಿಗೆಯ ಕಷ್ಟ ಪ್ರಾರಂಭವಾಗುತ್ತದೆ.

ಛಾಪಾ ಕಾಗದಗಳ ಕಟ್ಟಿನಲ್ಲಿ, ಎರಡು ಕ್ರಯಪತ್ರಗಳ ನಡುವೆ, ಒಂದು ಸಾಲದ ಪತ್ರವಿದೆ. ನನ್ನ ಮುತ್ತಾತ ಹಳ್ಳಿಯ ಲೆಕ್ಕ ಬರೆಯುತ್ತಿದ್ದವರು. ಸ್ವಲ್ಪ ಜಮೀನಿತ್ತು, ಸಾಲ ಕೊಡುವ ಚೈತನ್ಯವೂ ಇತ್ತು. ಅವರಿಂದ ಒಬ್ಬಾತ ಮಗಳ ಮದುವೆಗೆಂದು ಸಣ್ಣ ಮೊತ್ತವೊಂದನ್ನು ಪಡೆದಿದ್ದಾನೆ. ಅದು ತೀರುವವರೆಗೆ ತನ್ನ ಹಿರಿಯ ಮಗ ಮುತ್ತಾತನ ಮನೆಯಲ್ಲಿ ದನ ನೋಡಿಕೊಂಡು, ಹೇಳಿದ ಕೆಲಸ ಮಾಡಿಕೊಂಡು ಇರತಕ್ಕದ್ದು. ಅವನಿಗೆ ಊಟ, ವರ್ಷಕ್ಕೆ ಒಂದು ಕಂಬಳಿ, ಒಂದು ಜೊತೆ ಮೆಟ್ಟು. ಕೆಳಗೆ ಎಡಗೈ ಹೆಬ್ಬೆಟ್ಟಿನ ಗುರುತು. ಬರೆದ ಅಕ್ಷರ ನನ್ನ ಮುತ್ತಾತನದೇ, ಮುತ್ತಿನಂಥ ಅಕ್ಷರ. ಜೀತವೆಂಬ ಪದ ಅದರಲ್ಲೆಲ್ಲಿಯೂ ಇಲ್ಲ. ಪದವಿಲ್ಲದಿದ್ದರೇನು, ಸಂಗತಿ ಅದೇ. ಜೀತಪದ್ಧತಿಯನ್ನು ನಿರ್ಮೂಲ ಮಾಡುವ ಕಾಯಿದೆ ಬಂದದ್ದು 1976ರಲ್ಲಿ. ಅಂಥ ಸಾಲಗಳೆಲ್ಲ ಅದರಿಂದ ರದ್ದಾದುವು. ಈ ಪತ್ರ ಅದಕ್ಕೆ ಸುಮಾರು ನಾಲ್ವತ್ತು ವರ್ಷ ಹಿಂದಿನದು.

ಇದನ್ನು ಏನು ಮಾಡುವುದು? ಅಣ್ಣನಿಗೆ ತೋರಿಸಿದೆ. ಅವನು ಕನ್ನಡಕ ತೆಗೆದು ಬಹಳ ಹೊತ್ತು ಸುಮ್ಮನಿದ್ದು, "ಸುಟ್ಟುಹಾಕು. ಸತ್ತವರ ಹೆಸರನ್ನು ಈಗ ಕೆಡಿಸಿ ಯಾರಿಗೇನು ಬರಬೇಕು? ಆ ಕಾಲದಲ್ಲಿ ಎಲ್ಲರೂ ಹಾಗೇ ಇದ್ದರು" ಎಂದ. ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಸತ್ತವರು ತಮ್ಮ ಪಕ್ಷವನ್ನು ಹೇಳಿಕೊಳ್ಳಲಾರರು. ಮುತ್ತಾತ ದಾನ ಮಾಡಿದ್ದುಂಟು, ಬರಗಾಲದಲ್ಲಿ ಕಣಜ ತೆರೆದಿದ್ದರೆಂದೂ ಮನೆಯಲ್ಲಿ ಮಾತುಂಟು. ಅದಕ್ಕೆ ಕಾಗದವಿಲ್ಲ, ಇದಕ್ಕೆ ಕಾಗದವಿದೆ. ಒಂದು ಹಾಳೆ ಉಳಿದ ಕಾರಣಕ್ಕೆ ಒಬ್ಬ ಮನುಷ್ಯನನ್ನು ಅಳೆಯುವುದು ನ್ಯಾಯವೇ?

ಅಣ್ಣನ ಮಗಳು ಅಲ್ಲಿಯೇ ಇದ್ದಳು. ಚರಿತ್ರೆಯನ್ನು ಓದುವವಳು. ಕಾಗದವನ್ನು ಬೆಳಕಿಗೆ ಹಿಡಿದು ನೋಡಿ ನನ್ನನ್ನು ಕೇಳಿದಳು: "ಚಿಕ್ಕಪ್ಪ, ಈ ಹುಡುಗನ ಹೆಸರು ಬೇರೆ ಎಲ್ಲಿದೆ?"

ಅವಳ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ. ಅವನಿಗೆ ಜಮೀನಿರಲಿಲ್ಲ, ಆದುದರಿಂದ ಖಾತೆಯಿಲ್ಲ, ಪಹಣಿಯಿಲ್ಲ. ಶಾಲೆಗೆ ಹೋದವನಲ್ಲ, ಆದುದರಿಂದ ಹಾಜರಿ ಪುಸ್ತಕದಲ್ಲಿಲ್ಲ. ಕುರ್ಚಿಯ ಮೇಲೆ ಕುಳಿತು ಚಿತ್ರ ತೆಗೆಸಿಕೊಂಡವನಲ್ಲ. ಅವನ ಮನೆಯಲ್ಲಿ ಅಟ್ಟವೂ ಇದ್ದಿರಲಾರದು, ಪೆಟ್ಟಿಗೆಯೂ ಇದ್ದಿರಲಾರದು. ಅವನ ಬಾಲ್ಯಕ್ಕೆ ಸಂಬಂಧಿಸಿದ ಏಕೈಕ ಬರಹ, ಪ್ರಾಯಶಃ, ಅವನನ್ನು ದುಡಿಮೆಗೆ ಕಟ್ಟಿಹಾಕಿದ ಈ ಬರಹವೇ. ನಾವು ನಾಚಿಕೊಂಡು ಸುಟ್ಟರೆ ನಮ್ಮ ನಾಚಿಕೆ ಸುಡುವುದು ಹೌದೋ ಅಲ್ಲವೋ. ಅವನ ಹೆಸರಂತೂ ಸುಡುತ್ತದೆ. ಮೊದಲು ಅವನ ದುಡಿಮೆಯನ್ನು ತೆಗೆದುಕೊಂಡ ಮನೆ ಈಗ ಅವನ ಗುರುತನ್ನೂ ತೆಗೆದುಕೊಂಡ ಹಾಗಾಗುತ್ತದೆ.

ಇಂಥ ಕಷ್ಟ ನಮಗೊಬ್ಬರಿಗೇ ಬಂದದ್ದಲ್ಲ. ಅಮೆರಿಕದಲ್ಲಿ 1850 ಮತ್ತು 1860ರ ಜನಗಣತಿಗಳಲ್ಲಿ ಗುಲಾಮರನ್ನು ಒಡೆಯರ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣಗಳಿಂದ ಎಣಿಸಿದ್ದರು. ಸಾಮಾನ್ಯವಾಗಿ ಹೆಸರು ಬರೆಯಲಿಲ್ಲ. ಬಿಡುಗಡೆಯಾದ ಮೇಲೆ, 1870ರ ಗಣತಿಯಲ್ಲಿ, ಅವರು ಹೆಸರುಳ್ಳ ಮನುಷ್ಯರಾಗಿ ಕಾಣಿಸಿಕೊಂಡರು. ಅದಕ್ಕೂ ಹಿಂದಿನ ತಮ್ಮ ಅಜ್ಜ ಅಜ್ಜಿಯರನ್ನು ಹುಡುಕುವ ಇಂದಿನ ಕರಿಯ ಜನ ಹೋಗಬೇಕಾದದ್ದು ಒಡೆಯರ ಮನೆಯ ಲೆಕ್ಕದ ಪುಸ್ತಕಗಳಿಗೆ, ಉಯಿಲುಗಳಿಗೆ. ದನ, ನೇಗಿಲು, ಪಾತ್ರೆಗಳ ಪಟ್ಟಿಯ ನಡುವೆ ತಮ್ಮ ಮುತ್ತಜ್ಜಿಯ ಹೆಸರನ್ನು ಓದಬೇಕು. ಆ ಪುಸ್ತಕಗಳನ್ನು ಒಡೆಯರ ಮಕ್ಕಳು ನಾಚಿ ಸುಟ್ಟಿದ್ದರೆ ಅಷ್ಟೂ ಸಿಕ್ಕುತ್ತಿರಲಿಲ್ಲ. ಬಚ್ಚಿಟ್ಟಿದ್ದರೂ ಸಿಕ್ಕುತ್ತಿರಲಿಲ್ಲ.

ಸುಡಬಾರದೆಂಬುದು ಹೀಗೆ ನಿಶ್ಚಯವಾಯಿತು. ಆದರೆ ಇಟ್ಟುಕೊಳ್ಳುವುದಕ್ಕೆ ನಾನು ಯಾರು? ಕಾಗದ ನಮ್ಮ ಪೆಟ್ಟಿಗೆಯಲ್ಲಿದೆ; ಹೆಬ್ಬೆಟ್ಟು ನಮ್ಮದಲ್ಲ. ಅದನ್ನು ತೋರಿಸಬೇಕೋ ಬೇಡವೋ, ಅದರಿಂದ ಹಳೆಯ ನೋವು ಕೆದಕಿದಂತಾಗುವುದೋ ಏನೋ, ಇದನ್ನು ನಮ್ಮ ಮನೆಯಲ್ಲಿ ಕುಳಿತು ನಾವೇ ತೀರ್ಮಾನಿಸುವುದೂ ಒಂದು ಬಗೆಯ ಯಜಮಾನಿಕೆಯೇ. ಹಳ್ಳಿಯ ಹೆಸರು ಪತ್ರದಲ್ಲಿತ್ತು. ಮಾಗಡಿಯಿಂದ ಬಹಳ ದೂರವೇನಲ್ಲ. ವಿಚಾರಿಸಿದಾಗ ಆ ಹುಡುಗನ ಮಗಳು ಇದ್ದಾಳೆಂದು ತಿಳಿಯಿತು. ಎಪ್ಪತ್ತು ದಾಟಿದ ಹೆಂಗಸು. ಮಗ ಶಾಲೆಯ ಮೇಷ್ಟರು. ಮೊದಲು ಹೇಳಿಕಳಿಸಿ, ಬರಬಹುದೆಂದ ಮೇಲೆ ಹೋದೆ. ಅವರ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಅದನ್ನು ಹೇಳುವ ಹಕ್ಕು ಅವರದು.

ಜಗಲಿಯ ಮೇಲೆ ಕೂರಿಸಿದರು, ನೀರು ಕೊಟ್ಟರು. ಮೇಷ್ಟರು ಪತ್ರವನ್ನು ತಾಯಿಗೆ ಕೇಳುವಂತೆ ನಿಧಾನವಾಗಿ ಓದಿದರು. ಕಂಬಳಿಯ ಮಾತು ಬಂದಾಗ ಅವರ ದನಿ ಸ್ವಲ್ಪ ತಡೆಯಿತು. ಓದಿ ಮುಗಿದ ಮೇಲೆ ಆಕೆ ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು.

"ಸಾಲ ತೀರ್ತು ಅಂತ ಬರ್ದಿರೋ ಕಾಗ್ದ ಐತಾ, ಸ್ವಾಮಿ?"

ಪೆಟ್ಟಿಗೆಯ ಪ್ರತಿಯೊಂದು ಕಾಗದವನ್ನೂ ನಾನು ಬಲ್ಲೆ. ಅಂಥ ಕಾಗದವಿಲ್ಲ. "ಇಲ್ಲಮ್ಮ" ಎಂದೆ.

"ಅಂಗಾರೆ ಮಡಗಿ. ಬರ್ದಿಲ್ಲ ಅನ್ನೋದೂ ಗೊತ್ತಾಗ್ಲಿ" ಎಂದರು.

ಮೇಷ್ಟರು ಪತ್ರದ ಚಿತ್ರವನ್ನು ತಮ್ಮ ಫೋನಿನಲ್ಲಿ ತೆಗೆದುಕೊಂಡರು. ನಾನು ತಂದಿದ್ದ ಪ್ರತಿಯನ್ನೂ ಇಟ್ಟುಕೊಂಡು, ತಾತನ ಹೆಸರಿನ ಕೆಳಗೆ ಪೆನ್ಸಿಲಿನಲ್ಲಿ ಸಣ್ಣದಾಗಿ ಒಂದು ಗೆರೆ ಎಳೆದರು. ಅಸಲು ಬೇಕೆಂದು ಎಂದು ಹೇಳಿದರೂ ಕೊಡುವುದಾಗಿ ತಿಳಿಸಿ ಬಂದೆ.

ಕಾಗದ ಉಳಿಸುವ ವಿಷಯದಲ್ಲಿ ಆಕೆ ಹೇಳಿದ್ದಕ್ಕಿಂತ ಮೇಲಾದ ಸೂತ್ರವನ್ನು ನಾನು ಯಾವ ಪಂಡಿತರಿಂದಲೂ ಕೇಳಿಲ್ಲ. ಪೆಟ್ಟಿಗೆಯಲ್ಲಿ ಇರುವುದು ಮಾತ್ರ ಸಾಕ್ಷಿಯಲ್ಲ; ಇಲ್ಲದಿರುವುದೂ ಸಾಕ್ಷಿ. ಆದರೆ ಇಲ್ಲದ್ದು ಸಾಕ್ಷಿಯಾಗಬೇಕಾದರೆ ಇರುವುದನ್ನು ಆರಿಸದೆ ಇಟ್ಟಿರಬೇಕು. ಮಾನ ತರುವುದನ್ನು ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿ, ಮಾನ ಕಳೆಯುವುದನ್ನು ಒಲೆಗೆ ಹಾಕಿದ ಮನೆಯ ಪೆಟ್ಟಿಗೆ ಸುಳ್ಳುಗಾರನ ಮಾತಿನಂತೆ. ಅದರಲ್ಲಿ ನಿಜವಿದ್ದರೂ ಯಾರೂ ನಂಬಲಾರರು. ಅಣ್ಣ ಕೇಳಿದ ನ್ಯಾಯದ ಪ್ರಶ್ನೆಗೂ ಇದೇ ಉತ್ತರವೆಂದು ತೋರುತ್ತದೆ. ಮುತ್ತಾತನನ್ನು ಒಂದು ಹಾಳೆಯಿಂದ ಅಳೆಯುವುದು ಬೇಡ. ಕಣಜ ತೆರೆದರೆಂಬ ಮಾತನ್ನೂ, ಅದು ಕೇಳಿದ ಮಾತೆಂದು ಹೇಳಿ, ಬರೆದಿಡೋಣ. ಎರಡನ್ನೂ ಓದಿದ ಮೊಮ್ಮಕ್ಕಳು ಅಳೆದುಕೊಳ್ಳಲಿ. ಅವರ ತಕ್ಕಡಿಯನ್ನು ನಾವು ಮೊದಲೇ ಒತ್ತಿ ಹಿಡಿಯುವುದು ಸಲ್ಲ.

ಇನ್ನು ಓದುಗರಲ್ಲಿ ಯಾರ ಮನೆಯಲ್ಲಾದರೂ ಇಂಥ ಪೆಟ್ಟಿಗೆಯಿದ್ದರೆ, ಅನುಭವದಿಂದ ಹೇಳಬಹುದಾದ ಎರಡು ಮಾತುಗಳಿವೆ. ಮೊದಲು ಹೆಸರು. ಭಾವಚಿತ್ರದ ಬೆನ್ನಿನ ಮೇಲೆ ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ, ಯಾರು, ಯಾವ ಊರು, ಸುಮಾರು ಯಾವ ವರ್ಷ ಎಂದು ಬರೆಯಿರಿ. ಪೆನ್ನಿನ ಶಾಯಿ ಮುಂದೆ ಮುಖದ ಕಡೆಗೆ ಇಳಿಯುವುದುಂಟು. ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಈ ಭಾನುವಾರವೇ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಚಿತ್ರ ಇನ್ನೂ ಐವತ್ತು ವರ್ಷ ಕಾದೀತು, ಅವರು ಕಾಯಲಾರರು. ಹಿಂದಿನ ಸಾಲಿನಲ್ಲಿ ನಿಂತವರನ್ನು ಮೊದಲು ಕೇಳಿ; ಕುರ್ಚಿಯವರ ಹೆಸರು ಹೇಗೂ ಉಳಿಯುತ್ತದೆ. ಎರಡನೆಯದು, ಪ್ರೀತಿಯಿಂದ ಮಾಡುವ ಹಾನಿ. ಹಳೆಯ ಪತ್ರಕ್ಕೆ ಭದ್ರವಾಗಲೆಂದು ಲ್ಯಾಮಿನೇಷನ್ ಮಾಡಿಸುತ್ತಾರೆ. ಕಾಯಿಸಿ ಅಂಟಿಸಿದ ಆ ಪ್ಲಾಸ್ಟಿಕ್ಕನ್ನು ಮುಂದೆ ಬಿಡಿಸಲಾಗದು. ಕಾಗದ ಅದರೊಳಗೇ ಹಾಳಾಗುತ್ತದೆ. ಹರಿದಲ್ಲಿ ಅಂಟುವ ಟೇಪು ಹಚ್ಚಿದರೆ ಕೆಲವು ವರ್ಷಗಳಲ್ಲಿ ಕಂದು ಕಲೆ ನಿಲ್ಲುತ್ತದೆ. ರಬ್ಬರು ಪಟ್ಟಿ, ತುಕ್ಕು ಹಿಡಿಯುವ ಪಿನ್ನು ಬೇಡ. ಒಣಗಿದ ಜಾಗ, ಬಿಸಿಲು ಬೀಳದ ಜಾಗ, ಹತ್ತಿಯ ಬಟ್ಟೆ, ಆಗಾಗ ತೆಗೆದು ನೋಡುವ ಕಣ್ಣು, ಇಷ್ಟು ಸಾಕು. ಫೋನಿನಲ್ಲಿ ಚಿತ್ರ ತೆಗೆದಿಟ್ಟರೆ ಒಳ್ಳೆಯದೇ. ಆದರೆ ಫೋನು ಐದು ವರ್ಷಕ್ಕೆ ಸಾಯುವ ಪ್ರಾಣಿ. ತಾಳೆಗರಿಯ ನಿಯಮವೇ ಅದಕ್ಕೂ: ಹಳೆಯದು ಸಾಯುವ ಮೊದಲು ಹೊಸದರ ಮೇಲೆ ಪ್ರತಿಯಾಗಬೇಕು, ಒಂದಕ್ಕಿಂತ ಹೆಚ್ಚು ಕಡೆ ಇರಬೇಕು.

ಮಕ್ಕಳಿಗೆ ಇದು ಹೊರೆಯಾದೀತೇ? ಆಗಬಹುದು. ತಂಜಾವೂರಿನ ಆ ಪಂಡಿತರ ದಾರಿ ಅವರಿಗೆ ತೆರೆದೇ ಇದೆ. ಗ್ರಂಥಾಲಯಗಳಿವೆ, ವಿಶ್ವವಿದ್ಯಾಲಯಗಳಿವೆ, ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರವಿದೆ. ಎಲ್ಲವನ್ನೂ ಹೊರಬೇಕೆಂದು ಹೇಳುವ ಅಧಿಕಾರ ನಮಗಿಲ್ಲ. ಓದಿ, ಹೆಸರು ಬರೆದು, ಇದು ಯಾರ ಯಾರ ಋಣ ಎಂದು ತಿಳಿಸಿ ಅವರ ಮುಂದೆ ಇಟ್ಟರೆ ನಮ್ಮ ಕೆಲಸ ಮುಗಿಯಿತು. ಬೇಕಾದದ್ದನ್ನು ಉಳಿಸಿಕೊಂಡು ಬೇಡದ್ದನ್ನು ತಕ್ಕವರಿಗೆ ಒಪ್ಪಿಸುವ ಸ್ವಾತಂತ್ರ್ಯ ಅವರದು. ತಿಳಿದು ಬಿಡುವವನಿಗೂ ತಿಳಿಯದೆ ಕಳೆದುಕೊಳ್ಳುವವನಿಗೂ ಬಹಳ ಅಂತರವುಂಟು.

ಸಾಲದ ಪತ್ರ ಈಗ ಕ್ರಯಪತ್ರಗಳ ನಡುವೆ ಇಲ್ಲ. ಅದನ್ನು ಬೇರೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಮೇಲುಗಡೆಯೇ ಇಟ್ಟಿದ್ದೇನೆ. ಜೊತೆಗೆ ಒಂದು ಹಾಳೆಯಿದೆ. ನಾನು ಆ ಊರಿಗೆ ಹೋದ ತಾರೀಖು, ಮಗಳು ಕೇಳಿದ ಪ್ರಶ್ನೆ, ನಾನು ಕೊಟ್ಟ ಉತ್ತರ, ಇಷ್ಟನ್ನೇ ಅದರಲ್ಲಿ ಬರೆದಿದ್ದೇನೆ. ಅಕ್ಷರ ಮುತ್ತಾತನಷ್ಟು ಚೆನ್ನಾಗಿಲ್ಲ. ಓದುವುದಕ್ಕೆ ಬರುತ್ತದೆ.